ಮೊದಲ ಸೋಮವಾರದ ಲಕೋಟೆ

ಮೂರನೇ ಮಹಡಿಯ ತಿರುವಿನಲ್ಲಿ ನಿಂತು ಹಣಕಾಸು ಸಲಹೆಗಾರ ಹೂಗುಚ್ಛವನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡ, ಕೋಟಿನ ಒಳಜೇಬು ಮುಟ್ಟಿ ಲಕೋಟೆ ಇದೆಯೆಂದು ಖಾತ್ರಿ ಮಾಡಿಕೊಂಡ, ಗಡಿಯಾರ ನೋಡಿದ. ಆರೂ ಮುಕ್ಕಾಲಿಗೆ ಇನ್ನೂ ಎರಡು ನಿಮಿಷವಿತ್ತು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಇಸ್ತ್ರಿ ಅಕ್ಕ ಮೂವತ್ತನಾಲ್ಕು ವರ್ಷ ಮನೆ ಬಿಡುತ್ತಿದ್ದದ್ದು ಆರೂ ಮುಕ್ಕಾಲಿಗೇ. ಸರಿಯಾಗಿ ಆ ಹೊತ್ತಿಗೆ ಬಾಗಿಲು ತಟ್ಟಿ, "ಎಲ್ಲಿಗೆ ಹೊರಟ್ರಿ? ಹೋಗಿ ಮಲಗಿ" ಅನ್ನಬೇಕು. ಕೆಲಸದಿಂದ ನಿವೃತ್ತರಾದ ಎಷ್ಟೋ ಜನರ ಬಾಗಿಲಲ್ಲಿ ಅವನು ಹೇಳಿದ್ದ ಮಾತು ಅದು. ಅದಕ್ಕೆ ನಗದವರು ಇದುವರೆಗೆ ಒಬ್ಬರೂ ಸಿಕ್ಕಿರಲಿಲ್ಲ.

ನಾಲ್ಕನೇ ಮಹಡಿಗೆ ಬಂದರೆ ಬಾಗಿಲು ಹಾರು ಹೊಡೆದುಕೊಂಡಿತ್ತು. ಹೊರಗೆ ಚಪ್ಪಲಿಗಳ ರಾಶಿ. ಪರವಾಗಿಲ್ಲ, ನೆಂಟರಿಷ್ಟರನ್ನೆಲ್ಲ ಕರೆಸಿ ಜೋರಾಗಿಯೇ ಮಾಡುತ್ತಿದ್ದಾರೆ ಅಂದುಕೊಂಡು ಅವನು ಒಳಗೊಳಗೇ ಹಿಗ್ಗಿದ. ಅಷ್ಟರಲ್ಲಿ ಎದುರುಮನೆಯ ಮುದುಕರು ಮುಂದೆ ಬಂದು ಅವನ ಕೈಯಿಂದ ಹೂಗುಚ್ಛ ತೆಗೆದುಕೊಂಡರು.

"ಇಷ್ಟು ಬೇಗ ನಿಮಗೆ ಯಾರು ಹೇಳಿದ್ರು?"

"ಏನನ್ನ?"

ಮುದುಕರು ಕನ್ನಡಕ ಮೇಲೆತ್ತಿ ಗುಚ್ಛಕ್ಕೆ ಕಟ್ಟಿದ್ದ ರಿಬ್ಬನ್ನು ಓದುತ್ತಿದ್ದರು. "'ಇನ್ನು ವಿಶ್ರಾಂತಿ.' ಎಷ್ಟು ಸರಿಯಾಗಿ ಬರೆಸಿದೀರಿ. ದುಡಿದು ದುಡಿದು ಸಾಕಾಗಿಹೋಗಿತ್ತು ಪಾಪ, ಆ ಜೀವಕ್ಕೆ."

ಆಗ ಅವನಿಗೆ ಅವರ ಹೆಗಲಾಚೆ ಮುಂದಿನ ಕೋಣೆ ಕಂಡಿತು. ಗೋಡೆಗೆ ಸೇರಿಸಿ ಹಾಕಿದ್ದ ಸಪೂರ ಮಂಚದ ಮೇಲೆ ಇಸ್ತ್ರಿ ಅಕ್ಕನನ್ನು ತಂದು ಮಲಗಿಸಿದ್ದರು. ಕತ್ತಿನವರೆಗೂ ಬಿಳಿ ಹೊದಿಕೆ. ಮುದುಕರು ಹೋಗಿ ಹೂವನ್ನು ಅವಳ ಕಾಲ ಬಳಿ, ಅಕ್ಷರಗಳು ಎಲ್ಲರಿಗೂ ಕಾಣುವ ಹಾಗೆ ಇಟ್ಟರು. ಹೋಗಿ ಅದನ್ನು ಕಿತ್ತುಕೊಂಡು ಬರಬೇಕು ಅನ್ನಿಸಿತು ಸಲಹೆಗಾರನಿಗೆ.

ಮಗಳು ಅವನನ್ನು ನೋಡಿ ಎದ್ದು ಬಂದಳು. ಶಾಲೆಯೊಂದರ ಕಚೇರಿಯಲ್ಲಿ ಕೆಲಸ ಮಾಡುವ ಹೆಂಗಸು. ತಾಯಿಯ ಜೊತೆ ಅವಳೊಬ್ಬಳೇ ಈ ಮನೆಯಲ್ಲಿ.

"ನಿನ್ನೆ ಚೆನ್ನಾಗೇ ಇದ್ಲು ಸಾರ್. 'ಬೆಳಿಗ್ಗೆ ಸಾರ್ ಬರ್ತಾರೆ ಕಣೇ, ಒಳ್ಳೇ ಕಪ್ಪು ತೆಗೆದಿಡು' ಅಂತ ತಾನೇ ತೊಳೆದಿಟ್ಟು ಮಲಗಿದ್ಲು. ದಿನಾ ಐದಕ್ಕೆಲ್ಲ ಎದ್ದಿರೋಳು ಇವತ್ತು ಎದ್ದಿರಲಿಲ್ಲ. ಮೊದಲನೇ ದಿನ, ಮಲಗಲಿ ಬಿಡು ಅಂತ ನಾನೂ ಸುಮ್ಮನಾದೆ. ಬಾಗಿಲು ಮೆತ್ತಗೆ ಎಳೆದುಕೊಂಡು ಬಂದೆ ಸಾರ್, ಸದ್ದಾಗಬಾರದು ಅಂತ." ಅವಳು ಒಳಕೋಣೆಯ ಕಡೆ ಕೈ ತೋರಿಸಿದಳು. "ಐದೂವರೆಗೆ ಹೋಗಿ ನೋಡಿದ್ರೆ ಮೈ ತಣ್ಣಗಾಗಿತ್ತು. ಕೆಳಗಡೆ ಮನೆ ಡಾಕ್ಟ್ರು ಬಂದು, ನಿದ್ದೇಲೇ ಹೋಗಿದೆ, ಹೃದಯ ನಿಂತಿದೆ ಅಂದ್ರು."

ಸಲಹೆಗಾರ ತಲೆಯಾಡಿಸಿದ.

"ಹೋದ ವರ್ಷವೇ ಬಿಡಮ್ಮ, ಸಾಕು, ಅಂತ ಬಡ್ಕೊಂಡೆ. ಕೇಳಿದ್ಲಾ? 'ಕೆಲಸ ಇಲ್ದೆ ನನಗೆ ಹೊತ್ತು ಹೋಗಲ್ಲ' ಅಂತ ಒಂದೇ ಹಟ. ನೀವೂ ಹೇಳಿರ್ತೀರಿ. ನಿಮ್ಮ ಮಾತೂ ಕೇಳಿರಲ್ಲ ಅವಳು."

ಅವನು ಹೇಳಿದ್ದ. ಅವನ ಮಾತನ್ನು ಅವಳು ಕೇಳಿದ್ದಳು. ಆದದ್ದೇ ಅದು.

*

ಹನ್ನೆರಡು ವರ್ಷಗಳ ಹಿಂದೆ ಅವಳು ಮೊದಲ ಸಲ ಅವನ ಕಚೇರಿಗೆ ಬಂದಾಗ, ಕೂತ ಎರಡೇ ನಿಮಿಷಕ್ಕೆ ಮೇಜಿನ ಮೇಲೆ ಹರಡಿದ್ದ ಪೇಪರನ್ನು ಎತ್ತಿ ಅಂಚಿಗೆ ಅಂಚು ಕೂಡಿಸಿ ಮಡಚಿಟ್ಟಿದ್ದಳು. ತಾನು ಹಾಗೆ ಮಾಡಿದ್ದು ಅವಳಿಗೇ ಗೊತ್ತಾಗಿರಲಿಲ್ಲ. ಬಸ್ ಟಿಕೆಟ್ಟು, ಕಂಡವರ ಮನೆಯ ಟವೆಲು, ಅಂಗಡಿಯವನು ಕೊಟ್ಟ ಪ್ಲಾಸ್ಟಿಕ್ ಚೀಲ, ಕೈಗೆ ಸಿಕ್ಕಿದ್ದನ್ನೆಲ್ಲ ಮಡಚುವ ಹೆಂಗಸು.

"ಇದು ನನ್ನ ರೋಗ ಸಾರ್," ಅಂದಳು, ಅವನು ನಕ್ಕಾಗ. "ದಿನಕ್ಕೆ ನಾನೂರು ಹಾಸು ಮಡಚ್ತೀವಿ, ನಾನೂ ನನ್ನ ಜೋಡಿನೂ. ಅವಳು ಆ ತುದಿ, ನಾನು ಈ ತುದಿ. ಕನಸಲ್ಲೂ ಅದೇ."

ಜನ ಸಲಹೆಗಾರನನ್ನು 'ಆಮೇಲೆ ಸಾರ್' ಅನ್ನುತ್ತಿದ್ದರು. ಸಂಬಳ, ಉಳಿತಾಯ, ಪಿಂಚಣಿ ಎಲ್ಲ ಕೇಳಿ ಮುಗಿಸಿದ ಮೇಲೆ ಅವನು ಪೆನ್ನು ಕೆಳಗಿಟ್ಟು, "ಆಮೇಲೆ?" ಅನ್ನುತ್ತಿದ್ದ. ಕೆಲಸ ಬಿಟ್ಟ ಮೇಲೆ ಬರುವ ಮೊದಲ ಸೋಮವಾರ ಏನು ಮಾಡುತ್ತೀರಿ, ಒಂದು ಚೀಟಿಯಲ್ಲಿ ಬರೆದು ಲಕೋಟೆಯಲ್ಲಿಟ್ಟು ಅಂಟಿಸಿ ಕೊಡಿ. ನಾನು ಓದುವುದಿಲ್ಲ. ಆ ಸೋಮವಾರ ನಾನೇ ತಂದುಕೊಡುತ್ತೇನೆ, ಬರೆದದ್ದನ್ನು ಮಾಡಲೇಬೇಕು. ಕೆಲಸ ಬಿಡುವವರಿಗೆ ಕಂಪನಿಗಳು ಗಡಿಯಾರ ಉಡುಗೊರೆ ಕೊಡುವುದನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಇನ್ನು ಹೊತ್ತಿನ ಹಂಗೇ ಬೇಡ ಅನ್ನುವವನ ಕೈಗೆ ಗಡಿಯಾರ ಕೊಡುವವರ ತಲೆಯಲ್ಲಿ ಏನಿದೆ ಅನ್ನುತ್ತಿದ್ದ.

ಲಾರಿ ಓಡಿಸುವವನೊಬ್ಬ, 'ಪಕ್ಕದ ಸೀಟಲ್ಲಿ ಕೂತು ಎಲ್ಲಿಗಾದರೂ ಹೋಗ್ತೀನಿ' ಅಂತ ಬರೆದಿದ್ದ. ಸಲಹೆಗಾರ ಅವನನ್ನು ತನ್ನ ಹಳೇ ಕಾರಿನಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದ. ಪುಣ್ಯಾತ್ಮ ದಾರಿಯುದ್ದಕ್ಕೂ ಇಲ್ಲದ ಬ್ರೇಕನ್ನು ತುಳಿಯುತ್ತಲೇ ಇದ್ದ.

"ಶುಕ್ರವಾರ ಕೆಲಸ ಬಿಟ್ರೆ ಶನಿವಾರವೇ ಬರಬಹುದಲ್ಲ ಸಾರ್, ಸೋಮವಾರನೇ ಯಾಕೆ?" ಎಂದು ಇಸ್ತ್ರಿ ಅಕ್ಕ ಕೇಳಿದ್ದಳು.

"ಶನಿವಾರ ಭಾನುವಾರ ನಿಮಗೆ ಹೇಗೂ ರಜೆ. ಬಿಡುಗಡೆ ಅಂದ್ರೇನು ಅಂತ ಗೊತ್ತಾಗೋದು ಸೋಮವಾರ ಎದ್ದಾಗಲೇ."

ಅವಳು ಚೀಟಿಗೆ ಕೈ ಅಡ್ಡ ಹಿಡಿದು, ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಬರೆದಳು. ಬರೆಯುತ್ತ ಬರೆಯುತ್ತ ತನ್ನಷ್ಟಕ್ಕೇ ನಕ್ಕಳು. ನಾಲ್ಕು ಮಡಿಕೆ ಮಾಡಿ ಲಕೋಟೆಯೊಳಗೆ ಹಾಕಿದಳು.

*

ಹೋದ ವರ್ಷ ಅವಳು ಇನ್ನೊಂದು ಕಾಗದ ಮಡಚಿಕೊಂಡು ಬಂದಿದ್ದಳು. ಕೆಲಸ ಬಿಡುವ ಅರ್ಜಿ. ಬೆನ್ನು ನೆಟ್ಟಗಾಗುತ್ತಿರಲಿಲ್ಲ, ಹಬೆಗೆ ಉಸಿರು ಕಟ್ಟುತ್ತಿತ್ತು.

"ಇದನ್ನ ಕೊಟ್ಟುಬಿಡ್ಲಾ ಸಾರ್?"

ಅವನು ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದ. ಅವನು ಯಾರಿಗೇ ಆದರೂ ತೊಂಬತ್ತು ವರ್ಷದವರೆಗೆ ಲೆಕ್ಕ ಹಾಕುವವನು. ಎಂಬತ್ತೈದಕ್ಕೆ ಹಣ ಮುಗಿದು ಮಕ್ಕಳ ಮುಂದೆ ಕೈ ಒಡ್ಡಿ ನಿಂತ ಮುದುಕರನ್ನು ಅವನು ಕಂಡಿದ್ದ, ಅದೇ ಅವನ ಹೆದರಿಕೆ. ಪರದೆಯ ಮೇಲೆ ಅವಳ ಹಣದ ಹಸಿರು ಗೆರೆ ಎಂಬತ್ತಾರನೆಯ ವಯಸ್ಸಿಗೆ ಕೆಂಪಾಗುತ್ತಿತ್ತು.

"ಇನ್ನೊಂದೇ ಒಂದು ವರ್ಷ ಅಕ್ಕ. ಪಿಂಚಣಿ ಸ್ವಲ್ಪ ಜಾಸ್ತಿಯಾಗುತ್ತೆ, ಈ ಕೆಂಪು ಹೋಗಿ ತೊಂಬತ್ತರವರೆಗೂ ಹಸಿರಾಗುತ್ತೆ. ಆಮೇಲೆ ಆರಾಮು."

"ತೊಂಬತ್ತಾ?" ಅವಳು ಬಾಯಿಗೆ ಕೈ ಅಡ್ಡವಿಟ್ಟು ನಕ್ಕಳು. "ಅಷ್ಟೊತ್ತಿಗೆ ನನ್ನ ಮುಖದ ಸುಕ್ಕಿಗೆ ಎಷ್ಟು ಇಸ್ತ್ರಿ ಹಾಕಿದ್ರೂ ಸಾಲದು!" ನಕ್ಕು ಮುಗಿಸಿ ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದಳು. ಆಮೇಲೆ ಅರ್ಜಿಯನ್ನು ಮತ್ತೊಂದು ಮಡಿಕೆ ಮಾಡಿ ಚೀಲದೊಳಗೆ ಹಾಕಿಕೊಂಡಳು. "ನೀವು ತಿಳಿದೋರು. ನೀವು ಹೇಳಿದ ಮೇಲೆ ಮುಗೀತು. ಆದ್ರೆ ಮಗಳಿಗೆ ನೀವು ಹೇಳಿದ್ದು ಅಂತ ಹೇಳಲ್ಲ. ನಿಮ್ಮ ಮೇಲೆ ಬಂದು ಕೂಗಾಡಿಬಿಡ್ತಾಳೆ. ನಾನೇ ಏನೋ ಒಂದು ಹೇಳ್ಕೋತೀನಿ."

*

ಶವ ಸಾಗಿಸುವ ವ್ಯಾನು ಹತ್ತಕ್ಕೆ ಬರುವುದಿತ್ತು. ಒಂಬತ್ತರ ಹೊತ್ತಿಗೆ ಆಸ್ಪತ್ರೆಯ ಕೆಲಸದ ಹೆಂಗಸರು ಬಂದರು. ಎಲ್ಲರಿಗಿಂತ ಮುಂದೆ ಜೋಡಿ. ಇಸ್ತ್ರಿ ಅಕ್ಕನ ಎದುರು ಇಪ್ಪತ್ತೆರಡು ವರ್ಷ ಹಾಸಿನ ಇನ್ನೊಂದು ತುದಿ ಹಿಡಿದ ಗಿಡ್ಡನೆಯ ಹೆಂಗಸು. ಮಂಚದ ಬಳಿ ಕುಸಿದು ಕೂತು, "ಶುಕ್ರವಾರ ಅಷ್ಟೇ ಕಣಕ್ಕಾ ಕೈ ಬೀಸಿ ಹೋದೆ. ಹೀಗೆ ಹೋಗೋಕಾ?" ಎಂದು ಗೋಳೋ ಎಂದು ಅತ್ತಳು.

ಸಲಹೆಗಾರ ಅಷ್ಟು ಹೊತ್ತೂ ಪಕ್ಕದ ಮನೆಗಳಿಂದ ಕುರ್ಚಿ ತಂದು ಹಾಕುತ್ತಿದ್ದ. ಬೇಕಾದದ್ದಕ್ಕಿಂತ ಎಂಟು ಕುರ್ಚಿ ಹೆಚ್ಚಾಗಿದ್ದವು. ಇನ್ನು ತರಲು ಯಾವ ಮನೆಯಲ್ಲೂ ಕುರ್ಚಿ ಉಳಿದಿಲ್ಲವೆಂದಾಗ ಅವನು ಅಡುಗೆಮನೆಗೆ ಹೋದ.

ಮಗಳು ಚಹಾದ ಲೋಟಗಳನ್ನು ತೊಳೆಯುತ್ತಿದ್ದಳು. ಕಿಟಕಿಯ ಬಳಿ ಒಂದು ಬಟ್ಟೆಯ ಮೇಲೆ ಮೂರು ಕಪ್ಪು ಬೋರಲಾಗಿದ್ದವು. ಅವನ್ನು ಯಾರೂ ಮುಟ್ಟಿರಲಿಲ್ಲ.

"ನಿಮ್ಮ ಅಮ್ಮ ಹೋದ ವರ್ಷ ಅರ್ಜಿ ಬರಕೊಂಡು ನನ್ನ ಹತ್ರ ಬಂದಿದ್ರು," ಅಂದ. "ಬೇಡ, ಇನ್ನೊಂದು ವರ್ಷ ಮಾಡಿ ಅಂದದ್ದು ನಾನು. ಹೊತ್ತು ಹೋಗಲ್ಲ ಅಂತ ನಿಮಗೆ ಹೇಳಿದ್ದು ಸುಳ್ಳು. ನನ್ನನ್ನ ಉಳಿಸೋಕೆ ಹೇಳಿದ್ದು."

ನಲ್ಲಿ ಸುರಿಯುತ್ತಲೇ ಇತ್ತು. ಅವಳು ತಿರುಗದೆಯೇ ಕೇಳಿದಳು.

"ಎಷ್ಟು ವರ್ಷಕ್ಕೆ ಹಾಕಿದ್ರಿ ಲೆಕ್ಕ?"

"ತೊಂಬತ್ತಕ್ಕೆ."

"ಅರವತ್ತೊಂದಕ್ಕೆ ಹಾಕಿ ನೋಡಿದ್ರಾ? ಒಂದೇ ಒಂದು ಸಲ?"

"ಇಲ್ಲ."

"ಬೆನ್ನಿಗೆ ಎಣ್ಣೆ ತಿಕ್ಕಿದೆ ಸಾರ್, ಒಂದು ವರ್ಷ, ದಿನಾ. ಬೈಕೊಂಡು ತಿಕ್ಕಿದೆ. ಹಟಮಾರಿ ಮುದುಕಿ, ಮಾಡ್ಕೊಂಡಿದ್ದು ಉಣ್ಣು ಅಂತ ಬೈದೆ." ಅವಳು ನಲ್ಲಿ ನಿಲ್ಲಿಸಿದಳು. ದನಿ ಏರಿರಲಿಲ್ಲ, ಏರಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. "ಬೈಸಿಕೊಂಡ್ಲು. ನಿಮ್ಮ ಹೆಸರು ಎತ್ತಲಿಲ್ಲ. ಆಮೇಲೆ, ಆಮೇಲೆ, ಆಮೇಲೆ. ಎಲ್ಲಿದೆ ಸಾರ್ ನಿಮ್ಮ ಆಮೇಲೆ?"

ಅವನು ನಿಂತಲ್ಲೇ ಅತ್ತುಬಿಟ್ಟ. ಐವತ್ತೆಂಟು ವರ್ಷದ ಗಂಡಸು, ಕೋಟಿನ ತೋಳಿನಿಂದ ಮೂಗು ಒರೆಸಿಕೊಂಡು ಅತ್ತ. ಅವಳು ಸಮಾಧಾನ ಮಾಡಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿ ಮುಂದೆ ಚಾಚಿದಳು.

"ಅಮ್ಮ ಹೇಳ್ತಿದ್ದ ಆ ಲಕೋಟೆ ತಂದಿದೀರಲ್ಲ. ಕೊಡಿ."

ಹನ್ನೆರಡು ವರ್ಷದ ಅಂಟು ಒಣಗಿ, ಮುಟ್ಟುತ್ತಲೇ ಬಿಟ್ಟುಕೊಂಡಿತು. ಅವಳು ನಾಲ್ಕು ಮಡಿಕೆ ಬಿಚ್ಚಿ ಓದಿದಳು, ಮತ್ತೆ ಓದಿದಳು, ಆಮೇಲೆ ಅವನ ಕೈಗೆ ಕೊಟ್ಟಳು. ದುಂಡಗಿನ ಅಕ್ಷರಗಳಲ್ಲಿ ಹೀಗೆ ಬರೆದಿತ್ತು:

'ಮೊದಲನೇ ಸೋಮವಾರ ನಾನು ನನ್ನ ಹಾಸಿಗೆ ಮಡಚುವುದಿಲ್ಲ. ಎದ್ದು ಹಾಗೇ ಬಿಟ್ಟು ಹೋಗುತ್ತೇನೆ. ಇಡೀ ದಿನ ಬಿದ್ದಿರಲಿ. ಯಾರೂ ಮುಟ್ಟಕೂಡದು. ಮಗಳೂ ಮುಟ್ಟಕೂಡದು.'

ಅದೇ ಹೊತ್ತಿಗೆ ಒಳಕೋಣೆಯಿಂದ ಜೋಡಿಯ ದನಿ ಕೇಳಿಸಿತು. "ಯಾರಾದ್ರೂ ಬನ್ರೇ, ಈ ಹಾಸಿನ ಆ ತುದಿ ಹಿಡೀರಿ!"

ಮಗಳು ಓಡಿದಳು, ಅವನು ಅವಳ ಹಿಂದೆ. ಜೋಡಿ ಇಸ್ತ್ರಿ ಅಕ್ಕ ರಾತ್ರಿ ಮಲಗಿದ್ದ ಮಂಚದ ತಲೆಯ ಕಡೆ ನಿಂತು, ಹಾಸಿನ ಎರಡು ಮೂಲೆಗಳನ್ನು ಹಿಡಿದು, ಎದುರಿನ ಎರಡು ಮೂಲೆಗಳು ಮೇಲೇಳುವುದಕ್ಕೆ ಕಾಯುತ್ತಿದ್ದಳು.

"ಬಿಡು ಚಿಕ್ಕಮ್ಮ," ಅಂದಳು ಮಗಳು.

"ಹೀಗೆ ಬಿಡೋದಾ? ಬಂದೋರೆಲ್ಲ ನೋಡ್ತಾರೆ. ಅಕ್ಕ ಆಗಿದ್ರೆ ನಮ್ಮ ಮುಖಕ್ಕೆ ಉಗೀತಿದ್ಲು."

ಮಗಳು ಸಲಹೆಗಾರನ ಕೈಯಿಂದ ಚೀಟಿ ತೆಗೆದುಕೊಂಡು ಜೋಡಿಯ ಕಣ್ಣಿನ ಮುಂದೆ ಹಿಡಿದಳು. ಜೋಡಿ ತುಟಿಯಾಡಿಸುತ್ತ ನಿಧಾನವಾಗಿ ಓದಿದಳು. ಅವಳ ಮುಖದಲ್ಲಿ ಮೊದಲು ನಗು ಬಂತು. "ಕಳ್ಳಿ," ಅಂದಳು. "ನನಗೂ ಹೇಳಲಿಲ್ಲ ನೋಡು. ಕಳ್ಳಿ." ಆಮೇಲೆ ಹಾಸನ್ನು, ಮಲಗಿದ ಮಗುವಿಗೆ ಹೊದಿಸುವಷ್ಟು ಮೆತ್ತಗೆ, ಇದ್ದ ಹಾಗೇ ಕೆಳಗೆ ಬಿಟ್ಟಳು. ಬಿಟ್ಟ ಮೇಲೂ ಅವಳ ಎರಡು ಕೈಗಳು ಸ್ವಲ್ಪ ಹೊತ್ತು ಗಾಳಿಯಲ್ಲೇ ಇದ್ದವು.

ಕೆಳಗೆ ವ್ಯಾನಿನ ಸದ್ದಾಯಿತು. ಮುಂದಿನ ಕೋಣೆಯಲ್ಲಿ ನಾಲ್ವರು ಗಂಡಸರು ಇಸ್ತ್ರಿ ಅಕ್ಕನನ್ನು ಎತ್ತಿಕೊಂಡರು. ಸಲಹೆಗಾರ ಹೆಗಲು ಕೊಡಲು ಮುಂದೆ ಬಂದಾಗ ಮಗಳು ಅವನನ್ನು ತಡೆದಳು.

"ನೀವು ಬರಬೇಡಿ ಸಾರ್."

ಅವನು ತಲೆ ತಗ್ಗಿಸಿದ.

"ಒಳಗೆ ಕೂತಿರಿ. ಸಂಜೆವರೆಗೂ ಕೂತಿರಿ. ಯಾರಾದ್ರೂ ಒಳ್ಳೇ ಮನಸ್ಸಲ್ಲಿ ಬಂದು ಮಡಚಿಬಿಟ್ಟಾರು. ಬರೆದಿದ್ದನ್ನ ಮಾಡಲೇಬೇಕು ಅಂತ ನೀವೇ ಅಲ್ವಾ ಹೇಳೋದು?"

ಮೆಟ್ಟಿಲುಗಳ ಮೇಲೆ ಹೆಜ್ಜೆಗಳು ಇಳಿಯುತ್ತ ಇಳಿಯುತ್ತ ಕೇಳಿಸದಾದವು. ಅವನು ಹೆಚ್ಚಾಗಿದ್ದ ಕುರ್ಚಿಗಳಲ್ಲಿ ಒಂದನ್ನು ಎಳೆದುಕೊಂಡು ಹೋಗಿ ಒಳಕೋಣೆಯ ಮಂಚದ ಪಕ್ಕ ಕೂತ. ದಿಂಬಿನ ನಡುವೆ ತಲೆಯಿಟ್ಟ ಗುಳಿ ಹಾಗೇ ಇತ್ತು. ಹೊದಿಕೆ ಗೋಡೆಯ ಕಡೆ ಮುದುಡಿತ್ತು. ಮೂವತ್ತನಾಲ್ಕು ವರ್ಷದಲ್ಲಿ ಈ ಮಂಚ ಹಗಲು ಹೊತ್ತಿನಲ್ಲಿ ಹೀಗೆ ಕಂಡಿರಲಿಲ್ಲ.

ಮಧ್ಯಾಹ್ನ ಎದುರುಮನೆಯ ಮುದುಕರ ಹೆಂಡತಿ ಪೊರಕೆ ಹಿಡಿದು ಬಂದು ಬಾಗಿಲಲ್ಲಿ ಇಣುಕಿದರು.

"ಅಯ್ಯೋ, ಹಾಸಿಗೆ ಹಾಗೇ ಇದೆಯಲ್ಲ. ಮಡಚಿಡ್ಲಾ ಸಾರ್? ಅಥವಾ ಆಮೇಲೆ ಬರ್ಲಾ?"

ಅವನು ಬೇಡವೆಂದು ಬರೀ ಕೈ ಅಲ್ಲಾಡಿಸಿದ. ಅವರು ಹೋದರು.

ಬಿಸಿಲು ಕಿಟಕಿಯಿಂದ ಇಳಿದು ಮಂಚದ ಮೇಲೆ ಬಂತು, ಒಂದೊಂದೇ ಸುಕ್ಕನ್ನು ದಾಟುತ್ತ ಹೋಯಿತು. ಹಾಸಿನ ಒಂದು ಮೂಲೆ ಮೆಲ್ಲಗೆ ಜಾರಿ ನೆಲ ಮುಟ್ಟಿತು. ಅದನ್ನು ಎತ್ತಿ ಹಾಕಲು ಅವನ ಕೈ ತಾನಾಗಿಯೇ ಮುಂದೆ ಹೋಯಿತು. ಅರ್ಧ ದಾರಿಯಲ್ಲಿ ನಿಂತಿತು. ಅವನು ಅದನ್ನು ಹಿಂದಕ್ಕೆ ತಂದು, ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡು ಕೂತ.