ಸೂಜಿಯಮ್ಮನ ಹೊಟ್ಟೆಯುರಿ

ಸೋಮವಾರ ಮಗಳು ಕೆಲಸ ನೋಡಲೆಂದು ಎಕ್ಸ್‌ರೇ ಕೋಣೆಗೆ ಹೋದಳು, ಮಂಗಳವಾರ ಔಷಧಿ ವಿಭಾಗಕ್ಕೆ, ಬುಧವಾರ ಆಪರೇಷನ್ ಥಿಯೇಟರಿಗೆ. ಅಲ್ಲಿಯವರೆಗೂ ನಾನು ಆರಾಮಾಗಿಯೇ ಇದ್ದೆ. ಎಕ್ಸ್‌ರೇಯವನು ಇಡೀ ದಿನ ಉಸಿರು ಹಿಡೀರಿ, ಉಸಿರು ಬಿಡಿ ಎನ್ನುವುದು ಬಿಟ್ಟರೆ ಬೇರೆ ಮಾತೇ ಆಡಲಿಲ್ಲವಂತೆ. ಔಷಧಿ ವಿಭಾಗದಲ್ಲಿ ಡಾಕ್ಟರುಗಳ ಕೋಳಿಕಾಲು ಅಕ್ಷರ ನೋಡಿ ನೋಡಿ ತಲೆನೋವು ಬಂತಂತೆ. ಥಿಯೇಟರಿನಲ್ಲಿ ಎಲ್ಲರೂ ಟೋಪಿ, ಮುಖಗವಸು ಹಾಕಿಕೊಂಡು ಯಾರು ಡಾಕ್ಟರು ಯಾರು ನರ್ಸು ಎಂದೇ ತಿಳಿಯಲಿಲ್ಲವಂತೆ. ಸಂಜೆ ಇದನ್ನೆಲ್ಲ ಕೇಳುವಾಗ ನನಗೆ ಹಾಲು ಕುಡಿದಷ್ಟು ಸಂತೋಷ.

ಹನ್ನೆರಡನೇ ತರಗತಿ ಮುಗಿಸಿದ್ದ ಅವಳಿಗೆ ಆಸ್ಪತ್ರೆಯ ಕೆಲಸವೇ ಬೇಕಿತ್ತು, ಯಾವ ಕೆಲಸ ಎಂಬುದು ಮಾತ್ರ ಗೊತ್ತಿರಲಿಲ್ಲ. ನಮ್ಮ ಆಸ್ಪತ್ರೆಯಲ್ಲಿ ಸಿಬ್ಬಂದಿಯ ಮಕ್ಕಳು ಒಂದು ವಾರ, ದಿನಕ್ಕೊಂದು ವಿಭಾಗ ನೋಡಬಹುದು. ನಾನು ಇಲ್ಲಿನ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ರಕ್ತ ತೆಗೆಯುವವಳು. ವಾರ್ಡಿನವರು ನನಗಿಟ್ಟ ಹೆಸರು ಸೂಜಿಯಮ್ಮ. ಬೇರೆಯದೆಲ್ಲ ನೋಡಿ ಬೇಜಾರಾಗಿ ಶುಕ್ರವಾರ ನನ್ನ ಲ್ಯಾಬಿಗೇ ಬರುತ್ತಾಳೆ, ಬಂದವಳು ಅಲ್ಲೇ ನಿಲ್ಲುತ್ತಾಳೆ ಎಂದು ನಾನು ಲೆಕ್ಕ ಹಾಕಿದ್ದೆ. ಅವಳಿಗೆಂದು ಒಂದು ಸ್ಟೂಲನ್ನೂ ಒರೆಸಿ ಇಟ್ಟಿದ್ದೆ.

ಗುರುವಾರ ಫಿಸಿಯೋಥೆರಪಿಗೆ ಹೋದಳು. ನನ್ನ ಗ್ರಹಚಾರ ಅಲ್ಲಿಂದ ಶುರುವಾಯಿತು.

ಅಲ್ಲಿರುವವಳು ನನಗಿಂತ ನಾಲ್ಕು ವರ್ಷ ಚಿಕ್ಕವಳು. ಎದ್ದೇಳಿ, ಎದ್ದೇಳಿ ಎನ್ನುತ್ತಲೇ ವಾರ್ಡಿಗೆ ಬರುವುದರಿಂದ ಎಲ್ಲರ ಬಾಯಲ್ಲೂ ಅವಳು ಎದ್ದೇಳಕ್ಕ. ನಾನು ತಳ್ಳುಗಾಡಿ ತಳ್ಳಿಕೊಂಡು ಒಳಗೆ ಹೋದರೆ ಜನ ಹೊದಿಕೆಯೊಳಗೆ ಕೈ ಬಚ್ಚಿಟ್ಟುಕೊಳ್ಳುತ್ತಾರೆ. ಅವಳು ಹೋದರೆ ತಲೆ ಬಾಚಿಕೊಳ್ಳುತ್ತಾರೆ. ಕಾಲು ಮುರಿದುಕೊಂಡು ಬಂದವನು ಹೋಗುವಾಗ ನಡೆದುಕೊಂಡು ಹೋಗಿ ಅವಳಿಗೆ ಕೈಮುಗಿಯುತ್ತಾನೆ. ಇಪ್ಪತ್ತೆರಡು ವರ್ಷದಲ್ಲಿ ರಕ್ತ ಚೆನ್ನಾಗಿ ತೆಗೆದಿರಿ ಎಂದು ನನಗೆ ಕೈಮುಗಿದವರು ಯಾರೂ ಇಲ್ಲ.

ಆ ಸಂಜೆಯಿಂದ ಮನೆಯಲ್ಲಿ ಎದ್ದೇಳಕ್ಕನದೇ ಜಪ. ಅವರು ಹಾಗೆ ಹೇಳಿದರು, ಅವರು ಹೀಗೆ ನಗಿಸಿದರು. ಊಟಕ್ಕೆ ಕುಳಿತವಳು ಬೆನ್ನು ನೆಟ್ಟಗೆ ಮಾಡಿಕೊಂಡಳು. ಏನೇ ಇದು ಎಂದರೆ, ಕೂರುವ ರೀತಿ ಅವರೇ ಹೇಳಿಕೊಟ್ಟದ್ದಂತೆ. ಹತ್ತು ವರ್ಷದಿಂದ ನಾನು ನೆಟ್ಟಗೆ ಕೂರೇ ಎಂದು ಬಾಯಿ ಬಡಿದುಕೊಂಡಿದ್ದೇನೆ! ಹೊಟ್ಟೆಯಲ್ಲಿ ಕೆಂಡ ಸುರಿದ ಹಾಗಾಯಿತು. ಅವಳಪ್ಪನಿಗೆ ಹೇಳಿದರೆ, ಇಷ್ಟವಾದದ್ದು ಓದಲಿ ಬಿಡು ಎಂದು ಪೇಪರಿನೊಳಗೆ ಮುಖ ತೂರಿಸಿಕೊಂಡರು. ಶುಕ್ರವಾರ ಬೆಳಿಗ್ಗೆ ಮಗಳು ಇನ್ನೊಂದು ದಿನ ಅಲ್ಲೇ ಹೋಗಲಾ ಎಂದು ಕೇಳಿದಳು. ಹೋಗು, ನನಗೇನು ಎಂದೆ. ಶನಿವಾರ ಕೇಳಲೂ ಇಲ್ಲ.

ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ. ನೀವು ಇಂಥವರಾ ಎಂದು ಯಾರನ್ನೂ ಕೇಳಬಾರದು. ಕಾಯಿಲೆಯವರು ಯಾವುದಕ್ಕೆ ಬೇಕಾದರೂ ಹ್ಞೂಂ ಎಂದುಬಿಡುತ್ತಾರೆ. ನಿಮ್ಮ ಹೆಸರು ಹೇಳಿ ಎನ್ನಬೇಕು. ಅವರ ಬಾಯಿಂದ ಬಂದ ಹೆಸರನ್ನು ಚೀಟಿಯ ಜೊತೆ ತಾಳೆ ನೋಡಿ ಆಮೇಲೆ ಸೂಜಿ ಹಿಡಿಯಬೇಕು. ಹೊಸದಾಗಿ ಸೇರಿದವರಿಗೆಲ್ಲ ಇದನ್ನು ಕಲಿಸಿದವಳೇ ನಾನು. ಮಗಳಿಗೂ ಊಟ ಬಡಿಸುತ್ತಾ ನೂರು ಸಲ ಹೇಳಿದ್ದೆ.

ಶನಿವಾರ ಬೆಳಿಗ್ಗೆ ಗಂಡಸರ ವಾರ್ಡಿಗೆ ಹೋದೆ. ಏಳನೇ ಬೆಡ್ಡಿನವರಿಗೆ ಆಪರೇಷನ್ ಇತ್ತು, ರಕ್ತದ ಗುಂಪು ನೋಡಬೇಕಿತ್ತು. ಕಿಟಕಿಯ ಹತ್ತಿರ ಎದ್ದೇಳಕ್ಕ, ನನ್ನ ಮಗಳು ಇಬ್ಬರೂ ಸೇರಿ ಒಬ್ಬ ಮುದುಕರನ್ನು ವಾಕರ್ ಹಿಡಿಸಿ ನಡೆಸುತ್ತಿದ್ದರು. ಅವಳು ಏನೋ ಹೇಳಿದಳು, ಮಗಳು ನಕ್ಕಳು. ಮನೆಯಲ್ಲಿ ಅವಳು ಹಾಗೆ ಬಾಯಿ ತುಂಬ ನಕ್ಕು ಎಷ್ಟು ದಿನವಾಯಿತು ಎಂದು ನಾನು ಯೋಚಿಸುತ್ತಿದ್ದೆ. ಯೋಚಿಸುತ್ತಲೇ ಬೆಡ್ಡಿನಲ್ಲಿ ಮಲಗಿದ್ದವರನ್ನು ಏಳನೇ ಬೆಡ್ ನೀವೇ ಅಲ್ಲವಾ ಎಂದು ಕೇಳಿದೆ. ಹ್ಞೂಂ ಎಂದರು. ರಕ್ತ ತೆಗೆದೆ, ಟ್ಯೂಬಿಗೆ ಚೀಟಿ ಅಂಟಿಸಿದೆ, ಹೊರಟೆ.

ಲ್ಯಾಬಿನ ಬಾಗಿಲ ಹತ್ತಿರ ಮಗಳು ಓಡಿಬಂದು ನನ್ನ ಮೊಣಕೈ ಹಿಡಿದಳು.

"ಅಮ್ಮ, ಅವರ ಹೆಸರು ಕೇಳಲೇ ಇಲ್ಲ ನೀನು," ಎಂದಳು ಮೆಲ್ಲಗೆ. "ಏಳನೇ ಬೆಡ್‌ನವರು ನಮ್ಮ ಹತ್ರ ನಡೀತಿದ್ರು. ಅಲ್ಲಿ ಮಲಗಿದ್ದವರು ಎಂಟನೇ ಬೆಡ್‌ನವರು. ಅವರ ಬೆಡ್‌ಶೀಟ್ ಬದಲಾಯಿಸ್ತಿದ್ರು, ಅದಕ್ಕೆ."

ಕೈಯಲ್ಲಿದ್ದ ಟ್ಯೂಬ್ ಇನ್ನೂ ಬೆಚ್ಚಗಿತ್ತು. ಇದು ಲ್ಯಾಬಿನೊಳಗೆ ಹೋಗಿದ್ದರೆ ಆಪರೇಷನ್ನಿನಲ್ಲಿ ಆ ಮುದುಕರಿಗೆ ಬೇರೆ ಗುಂಪಿನ ರಕ್ತ ಹೋಗಿಬಿಡಬಹುದಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಅಂಥ ಹೊತ್ತಿನಲ್ಲೂ ನನ್ನ ಬಾಯಿಂದ ಮೊದಲು ಬಂದದ್ದು, ಇದು ಎದ್ದೇಳಕ್ಕನಿಗೆ ಗೊತ್ತಾಯಿತಾ ಎಂಬ ಪ್ರಶ್ನೆ. ಇಲ್ಲ, ನೀರು ಕುಡಿದು ಬರುತ್ತೇನೆ ಎಂದು ಹೇಳಿ ಬಂದೆ ಎಂದಳು ಮಗಳು.

ಟ್ಯೂಬನ್ನು ಕಸದ ಕೆಂಪು ಡಬ್ಬಿಗೆ ಹಾಕಿದೆ. ಯಾರೂ ನೋಡಿರಲಿಲ್ಲ, ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮಗಳು ಪಕ್ಕದಲ್ಲೇ ನಿಂತಿದ್ದಳು. ತಪ್ಪುಗಳನ್ನು ಬರೆಯುವ ಪುಸ್ತಕ ತೆಗೆದು ಮೊದಲ ಸಲ ನನ್ನ ಹೆಸರು ಬರೆದೆ. ಲ್ಯಾಬಿನ ಹಿರಿಯರು ಅದನ್ನು ಎರಡು ಸಲ ಓದಿ, ನೀವಾ ಎಂದು ನನ್ನ ಮುಖ ನೋಡಿದರು. ಹೌದು, ನಾನೇ ಎಂದೆ. ಮತ್ತೆ ವಾರ್ಡಿಗೆ ಹೋಗಿ ಎಂಟನೆಯವರ ಕ್ಷಮೆ ಕೇಳಿ, ಏಳನೆಯವರ ರಕ್ತ ತೆಗೆದು ತಂದೆ.

ಸೋಮವಾರ ಅವಳು ಕಾಲೇಜಿಗೆ ಅರ್ಜಿ ಹಾಕಬೇಕಿತ್ತು. ಆವತ್ತೇ ಮಧ್ಯಾಹ್ನ, ಶನಿವಾರ, ಕ್ಯಾಂಟೀನಿನಲ್ಲಿ ಏನು ಬರೆಯುತ್ತೀಯ ಎಂದು ಕೇಳಿದೆ. ಫಿಸಿಯೋ ಎಂದಳು, ತಲೆ ಎತ್ತದೆ.

"ನನ್ನ ಕೆಲಸ ನಿನ್ನ ಕಣ್ಣಿಗೆ ಬೀಳಲೇ ಇಲ್ಲ ಅಲ್ವಾ?" ಎಂದೆ. ಕೇಳಬಾರದಿತ್ತು, ಆದರೆ ತಡೆಯಲಾಗಲಿಲ್ಲ.

"ಬೀಳದೇ ಇದ್ರೆ ಇವತ್ತು ಹೇಗಮ್ಮಾ ಗೊತ್ತಾಗ್ತಿತ್ತು? ನೀನು ವಾರ್ಡಿಗೆ ಬಂದಾಗೆಲ್ಲ ನಿನ್ನನ್ನೇ ನೋಡ್ತಿದ್ದೆ." ಲೋಟವನ್ನು ಮೇಜಿನ ಮೇಲೆ ಸುಮ್ಮನೆ ತಿರುಗಿಸಿದಳು. "ಲ್ಯಾಬಿಗೆ ಬಂದ್ರೆ ನನಗೆ ಕಲಿಸೋಳು ನೀನೇ, ಬಯ್ಯೋಳೂ ನೀನೇ. ನಾನೂ ಒಂದಿನ ಹೀಗೆ ತಪ್ಪು ಮಾಡ್ತೀನಿ. ಆವತ್ತು ಮನೆಗೆ ಬಂದು ಯಾರ ಹತ್ರ ಅಳಲಿ?"

ಅಷ್ಟರಲ್ಲಿ ಎದ್ದೇಳಕ್ಕ ತಟ್ಟೆ ಹಿಡಿದು ನಮ್ಮ ಮೇಜಿಗೇ ಬಂದಳು. ನಿಮ್ಮ ಮಗಳನ್ನು ನನಗೆ ಕೊಟ್ಟುಬಿಡಿ ಎಂದು ನಗುತ್ತಾ ಕುಳಿತಳು. ಹೊಟ್ಟೆ ಉರಿಯಿತು, ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ.

"ಕೆಲಸ ಕಲಿಸಿ ಸಂಜೆ ಮನೆಗೆ ಕಳಿಸಿ," ಎಂದೆ.