ಕಚ್ಚಿಸಿಕೊಂಡವರಿಗೂ ಹಾಸಿಗೆಯಿದ್ದ ಆಟ

ಹಳೆಯ ಕಂಪ್ಯೂಟರು ಜಪ್ಪಯ್ಯ ಅಂದರೂ ಏಳಲಿಲ್ಲ. ಅದರ ಜೊತೆಗೆ ಅತ್ತೆಯ ಆಟವೂ ಹೋಯಿತು. ಹೊಸದನ್ನು ತಂದದ್ದೇನೋ ಆಯಿತು; ಆದರೆ ಆ ಆಟ ಮಾಡಿದ ಕಂಪನಿ ಬಾಗಿಲು ಹಾಕಿ ಆರು ವರ್ಷವಾಗಿತ್ತು, ಹೊಸ ಯಂತ್ರದಲ್ಲಿ ಅದು ಓಡುವುದೇ ಇಲ್ಲ. ಅರವತ್ತಾರರ ಹೆಂಗಸು ಜೋಂಬಿ ಆಟಕ್ಕಾಗಿ ಮಂಕಾಗಿ ಕೂತರೆ ಯಾರಿಗಾದರೂ ನಗು ಬರುತ್ತದೆ. ಮಗ ನಕ್ಕೂ ನಕ್ಕ. ಸೊಸೆಗೆ ಮಾತ್ರ ನಗು ಬರಲಿಲ್ಲ.

ಅತ್ತೆ ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಇಡೀ ಬೀದಿಗೆ ಅವರು ಸಿಸ್ಟರ್; ಹೆತ್ತ ಮಗನೂ ತಮಾಷೆಗೆ ಹಾಗೇ ಕರೆಯುತ್ತಾನೆ. ನಿವೃತ್ತಿಯಾದ ಮೇಲೆ ಆರು ತಿಂಗಳು ಗರ ಬಡಿದವರಂತೆ ಕೂತಿದ್ದವರನ್ನು ಎಬ್ಬಿಸಿದ್ದೇ ಆ ಆಟ. ಊರ ತುಂಬ ಹೆಣಗಳು ಎದ್ದು ಓಡಾಡುತ್ತವೆ, ಆರೈಕೆ ಸಿಗದಿದ್ದರೆ ಅವು ಕಚ್ಚಿದವರೂ ಹಾಗೇ ಆಗುತ್ತಾರೆ, ಉಳಿದವರು ಒಂದು ಶಾಲೆಯಲ್ಲಿ ಅಡಗಿರುತ್ತಾರೆ, ಅವರನ್ನು ಬದುಕಿಸಬೇಕು. ಬೇರೆಯವರು ಅದರಲ್ಲಿ ಬಂದೂಕು ಹುಡುಕಿದರೆ ಅತ್ತೆ ಬ್ಯಾಂಡೇಜು ಹುಡುಕುತ್ತಿದ್ದರು. ಆಟ ನಿಲ್ಲಿಸಿ ಏಳುವಾಗ, ಡ್ಯೂಟಿ ಒಪ್ಪಿಸುವ ಹಳೆಯ ಅಭ್ಯಾಸ ನೋಡಿ, ಸೊಸೆಗೆ ವರದಿ ಬೇರೆ ಕೊಡುತ್ತಿದ್ದರು: "ಮೂರನೇ ಹಾಸಿಗೆ, ಪೋಸ್ಟ್‌ಮ್ಯಾನು. ಎಡಗೈಗೆ ಕಚ್ಚಿದೆ. ಜ್ವರ ಇಳೀತಿದೆ. ನೀರು ಕೇಳಿದ್ರೆ ಕೊಡು." ಸೊಸೆ ಈರುಳ್ಳಿ ಹೆಚ್ಚುತ್ತಾ "ಆಗಲಿ ಅತ್ತೆ" ಎನ್ನುತ್ತಿದ್ದಳು.

ಅದೇ ತರಹದ ಇನ್ನೊಂದು ಆಟ ಹುಡುಕುವ ಕೆಲಸ ಈಗ ಅವಳ ತಲೆಗೆ ಬಿತ್ತು. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. "ಇದು ಚೆನ್ನಾಗಿ ಕಾಣತ್ತಾ, ಅದಾ?" ಎಂದು ದಿನಕ್ಕೆ ನೂರು ಸಲ ಕೇಳಿ, ಗಿರಾಕಿಗೆ ಹೊಂದುವುದನ್ನು ಪತ್ತೆ ಮಾಡುವುದೇ ಅವಳ ಕಸುಬು. ಅತ್ತೆಗೊಂದು ಆಟ ಹೊಂದಿಸುವುದು ಯಾವ ಮಹಾ ಎಂದುಕೊಂಡಳು. ಊಟದ ಬಿಡುವಿನಲ್ಲಿ ಪಟ್ಟಿಗಳನ್ನೆಲ್ಲ ಓದಿದಳು. ಕಂಡಾಪಟ್ಟೆ ರಕ್ತ ಹರಿಯುವುದನ್ನು ಬಿಟ್ಟಳು, ಹೆಣಗಳು ನಿಧಾನಕ್ಕೆ ನಡೆಯುವುದನ್ನು ಆರಿಸಿದಳು, ಅಕ್ಷರ ದಪ್ಪಗಿದೆಯೇ ಎಂದೂ ನೋಡಿದಳು. ಒಟ್ಟಿನಲ್ಲಿ ಕಣ್ಣಿಗೆ ಕಾಣುವುದನ್ನೆಲ್ಲ ಹೊಂದಿಸಿದಳು.

ಮೊದಲ ಆಟವನ್ನು ಅತ್ತೆ ಇಪ್ಪತ್ತು ನಿಮಿಷಕ್ಕೆ ಮುಚ್ಚಿದರು. ಎರಡನೆಯದನ್ನು ಹತ್ತಕ್ಕೆ. ಮೂರನೆಯದರಲ್ಲಿ ಜೊತೆಗಿದ್ದ ಹುಡುಗಿಯೊಬ್ಬಳಿಗೆ ಹೆಣ ಕಚ್ಚಿತು. ಮುಂದಕ್ಕೆ ಹೋಗಬೇಕಾದರೆ ಅವಳಿಗೆ ಗುಂಡು ಹೊಡೆಯಲೇಬೇಕು, ಬೇರೆ ದಾರಿಯೇ ಇಲ್ಲ. ಅತ್ತೆ ಮೌಸ್ ಬಿಟ್ಟು ಕೈಕಟ್ಟಿ ಕೂತರು.

"ಕಚ್ಚಿದ್ರೆ ಕೊಂದುಬಿಡೋದಂತೆ. ಇದನ್ನ ಯಾವ ಆಸ್ಪತ್ರೇಲಿ ಕಲಿತು ಬಂದ್ರೋ!"

"ಅತ್ತೆ, ಇದು ಆಸ್ಪತ್ರೆ ಅಲ್ಲ, ಆಟ."

"ಆ ಹಳೇದ್ರಲ್ಲಿ ಹಾಸಿಗೆ ಇತ್ತಲ್ಲಮ್ಮ."

ಏಳನೆಯ ಆಟದ ಹೊತ್ತಿಗೆ ಸೊಸೆಗೆ ರೇಗಿಹೋಯಿತು. ಮೂರು ವಾರದ ಬಿಡುವೆಲ್ಲ ಇದಕ್ಕೇ ಸುರಿದಿದ್ದಳು. "ನಿಮಗೆ ಏನು ಬೇಕು ಅಂತ ಬಾಯಿಬಿಟ್ಟು ಹೇಳಿ! ನಿಮ್ಮ ಮನಸ್ಸಿನಲ್ಲಿರೋದು ನನಗೆ ಹೇಗೆ ಗೊತ್ತಾಗ್ಬೇಕು?" ಎಂದು ದನಿ ಏರಿಸಿದವಳೇ ನಾಲಿಗೆ ಕಚ್ಚಿಕೊಂಡಳು.

ಅತ್ತೆ ಸಿಟ್ಟಾಗಲಿಲ್ಲ. ಮೌಸನ್ನು ಪಕ್ಕಕ್ಕೆ ಸರಿಸಿ ಹೇಳಿದರು.

"ಊರಿಗೆಲ್ಲ ಆ ಅಂಟುಜ್ವರ ಬಂದ ವರ್ಷ ನೆನಪಿದ್ಯಲ್ಲ? ಒಂದಿನ ಬೆಳಿಗ್ಗೆ ಆರ್ಡರ್ ಬಂತು. ಉಳಿಯಲ್ಲ ಅನ್ನೋರ ರೂಮಿಗೆ ಯಾರೂ ಹೋಗ್ಬೇಡಿ, ಬಾಗಿಲು ಹಾಕಿ ಅಂತ. ಒಳಗೆ ಒಬ್ಬಳು ಟೀಚರ್ ಇದ್ಲು. ಗಾಜಿನ ಆಚೆಯಿಂದ ನನ್ನನ್ನೇ ನೋಡ್ತಿದ್ಲು. ನಾನು ಚಿಲಕ ಹಾಕಿಬಿಟ್ಟೆ. ಮಧ್ಯಾಹ್ನದವರೆಗೂ ಜೀವ ಇತ್ತು. ಒಬ್ಬಳೇ ಇದ್ಲು."

ಮದುವೆಯಾಗಿ ಬಂದು ಹನ್ನೊಂದು ವರ್ಷ. ಸೊಸೆ ಈ ಮಾತು ಕೇಳಿದ್ದು ಇದೇ ಮೊದಲು. ಮಗನಿಗೂ ಗೊತ್ತಿರಲಿಲ್ಲ. ಇಷ್ಟು ದಿನ ಅತ್ತೆಯದು ಬರೀ ಹಟ ಅಂದುಕೊಂಡಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

ಮಾರನೆಯ ದಿನ ಆಟಗಾರರು ಹರಟುವ ಜಾಲತಾಣದಲ್ಲಿ ಒಂದೇ ಪ್ರಶ್ನೆ ಹಾಕಿದಳು: ಕಚ್ಚಿಸಿಕೊಂಡವರನ್ನು ಉಳಿಸಬಹುದಾದ ಆಟ ಬೇರೆ ಯಾವುದಾದರೂ ಇದೆಯೇ? ಅರ್ಧ ಜನ ಗೇಲಿ ಮಾಡಿದರು. ಒಬ್ಬ ಮಾತ್ರ ಬರೆದಿದ್ದ: "ಉಳಿಸೋಕೆ ಆಗೋದು ನನಗೆ ಗೊತ್ತಿಲ್ಲ. ಒಂದು ಚಿಕ್ಕ ಆಟ ಇದೆ, ಅದ್ರಲ್ಲಿ ಅವರ ಪಕ್ಕ ಕೂತ್ಕೋಬಹುದು. ಕೂತ್ರೆ ಲಾಭ ಏನೂ ಇಲ್ಲ, ಮೊದಲೇ ಹೇಳಿದೀನಿ."

ಅದನ್ನು ಅತ್ತೆಗೆ ಕೊಡುವುದೋ ಬೇಡವೋ ಎಂದು ಅವಳು ಎರಡು ದಿನ ಒದ್ದಾಡಿದಳು. ಕೊನೆಗೆ ಭಾನುವಾರ ಮಧ್ಯಾಹ್ನ ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. "ಇದ್ರಲ್ಲಿ ಯಾರೂ ವಾಸಿ ಆಗಲ್ಲ ಅತ್ತೆ. ಬೇಡ ಅಂದ್ರೆ ಬೇಡ."

"ಹಾಕು, ನೋಡೋಣ."

ಆಟದಲ್ಲಿ ಒಂದು ಗ್ಯಾರೇಜು. ಕಚ್ಚಿಸಿಕೊಂಡ ಬಸ್ ಡ್ರೈವರನೊಬ್ಬ ಗೋಡೆಗೆ ಒರಗಿದ್ದ. ತೆರೆಯ ಮೇಲೆ ಎರಡೇ ಗುಂಡಿ: 'ಹೊರಡು', 'ಕೂರು'. ಅತ್ತೆ ಎರಡನೆಯದನ್ನು ಒತ್ತಿದರು. ಆಟದ ಹೆಂಗಸು ಅವನ ಪಕ್ಕ ಕೂತು ಕೈ ಹಿಡಿದುಕೊಂಡಳು. ಆಮೇಲೆ ಏನೂ ಆಗಲಿಲ್ಲ. ಅವನ ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಷಟರ್ ಬಡಿಯುವ ಸದ್ದು ಶುರುವಾಯಿತು.

"ಬಂದ್ವು ಅತ್ತೆ! ಹಿಂದೆ ಕಿಟಕಿ ಇದೆ, ಎದ್ದೇಳಿ!"

"ಶ್! ಇನ್ನೂ ಉಸಿರಾಡ್ತಿದಾನೆ."

ಸೊಸೆ ಅತ್ತೆಯ ಕಡೆ ತಿರುಗಿದಳು. ಅತ್ತೆಯ ಬೆರಳು ಮೌಸ್ ಮೇಲೆ ಅಲುಗಲಿಲ್ಲ. ಷಟರ್ ಧಡಾರನೆ ಬಿದ್ದ ಸದ್ದಾಯಿತು, ಕಿರುಚಾಟ ಕೇಳಿತು, ತೆರೆ ಕಪ್ಪಾಯಿತು. ಅತ್ತೆ ಕೆನ್ನೆ ಒರೆಸಿಕೊಂಡು ಕುರ್ಚಿಗೆ ಒರಗಿದರು.

"ಅವನ ಉಸಿರು ನಿಂತ ಮೇಲೇ ಅವು ಒಳಗೆ ಬಂದಿದ್ದು. ನೋಡಿದ್ಯಲ್ಲ? ಅವನು ಹೋಗೋವರೆಗೂ ನಾನಿದ್ದೆ."

ಆ 'ಶ್' ಆದ ಮೇಲೆ ಸೊಸೆ ತೆರೆಯ ಕಡೆ ನೋಡಿರಲೇ ಇಲ್ಲ. ಅಷ್ಟೂ ಹೊತ್ತು ಅತ್ತೆಯ ಮುಖವನ್ನೇ ನೋಡುತ್ತಿದ್ದಳು.

"ನೋಡಿದೆ ಅತ್ತೆ," ಎಂದಳು. "ನೀವು ಇದ್ರಿ."