ಇಸ್ತ್ರಿ ಹಿಡಿದ ಕೈ

ಮಟಮಟ ಮಧ್ಯಾಹ್ನ. ವಾಕಿಂಗ್‌ಗೆ ಕರೆದರೆ ನಾಯಿ ಹೊಸ್ತಿಲು ಬಿಟ್ಟು ಕದಲಲಿಲ್ಲ. ನಮ್ಮ ಯಜಮಾನರು ಬಗ್ಗಿ, ಟಾರು ರಸ್ತೆಗೆ ಅಂಗೈ ಒತ್ತಿ ಹತ್ತರವರೆಗೆ ಎಣಿಸಿದರು.

"ಏನೂ ಸುಡಲ್ಲ ಕಣೇ. ಇದಕ್ಕೆ ಮೈಗಳ್ಳತನ, ಅಷ್ಟೇ."

ನನಗೆ ರೇಗಿತು. "ಮೂವತ್ತು ವರ್ಷ ಅಂಗಡೀಲಿ ಇಸ್ತ್ರಿ ಪೆಟ್ಟಿಗೆ ಹಿಡಿದ ಕೈ ರೀ ಅದು! ಕೆಂಡ ಇಟ್ಟರೂ ತಣ್ಣಗಿದೆ ಅನ್ನುತ್ತೆ. ಪಾಪ, ನಾಯಿ ಬರಿಗಾಲಲ್ಲಿ ನಡೀಬೇಕು. ನೀವೂ ಚಪ್ಪಲಿ ಬಿಚ್ಚಿ ನಿಂತು ನೋಡಿ."

ಹಟಮಾರಿ ಮನುಷ್ಯ, ಚಪ್ಪಲಿ ಹೊಸ್ತಿಲ ಹತ್ತಿರ ಬಿಟ್ಟು ರಸ್ತೆಗಿಳಿದೇಬಿಟ್ಟರು. ಮೂರು ಎಣಿಸುವಷ್ಟರಲ್ಲಿ ಕುಣಿಯುತ್ತಾ ವಾಪಸ್ ಬಂದರು. ಅಷ್ಟರಲ್ಲಿ ನಾಯಿ ಒಂದು ಚಪ್ಪಲಿ ಕಚ್ಚಿಕೊಂಡು ಮಂಚದಡಿ ಸೇರಿತ್ತು. ಎಷ್ಟು ಗದರಿಸಿದರೂ ಕೊಡಲಿಲ್ಲ.

ಬಿಸಿಲು ಇಳಿದ ಮೇಲೆ ತಾನೇ ತಂದು ಅವರ ಕಾಲ ಬಳಿ ಇಟ್ಟು ಬಾಲ ಆಡಿಸಿತು.